ಮಲೆನಾಡಿನ ಮನೆಯಲ್ಲಿ ನಲವತ್ತು ಲೀಟರ್ ಸಮುದ್ರ

ಬೆಳಿಗ್ಗೆ ಎದ್ದು ಕಾಫಿಗೆ ನೀರಿಡುವ ಮೊದಲು ನಾನು ಹಜಾರದ ಮೂಲೆಯ ಗಾಜಿನ ತೊಟ್ಟಿಯ ಮುಂದೆ ಬಗ್ಗಿ ನೋಡುತ್ತೇನೆ. ಹೊರಗಾಜಿನ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಎಳೆದ ಒಂದು ಗೆರೆ ಇದೆ. ನೀರು ಆ ಗೆರೆಯಿಂದ ಎಷ್ಟು ಕೆಳಗಿಳಿದಿದೆ? ಮಾರ್ಚ್ ತಿಂಗಳಾದರೆ ಅರ್ಧ ಬೆರಳು. ಆಷಾಢದ ಮಳೆಯಲ್ಲಾದರೆ ಇಳಿದದ್ದೇ ಗೊತ್ತಾಗುವುದಿಲ್ಲ. ಇಳಿದಷ್ಟು ಸಿಹಿನೀರನ್ನು ಲೋಟದಲ್ಲಿ ನಿಧಾನವಾಗಿ ಹೊಯ್ದು ಮಟ್ಟವನ್ನು ಗೆರೆಗೆ ತಂದು ನಿಲ್ಲಿಸುತ್ತೇನೆ. ತೀರ್ಥಹಳ್ಳಿ ಸೀಮೆಯ ಈ ಮನೆಯಲ್ಲಿ ಆರು ವರ್ಷಗಳಿಂದ ಹವಳಗಳು ಬದುಕಿರುವುದಕ್ಕೆ ದುಬಾರಿ ದೀಪಕ್ಕಿಂತ, ಪಂಪಿಗಿಂತ ಈ ಒಂದು ಲೋಟ ನೀರೇ ಹೆಚ್ಚು ಕಾರಣ.

ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ನನ್ನ ತೊಟ್ಟಿಯಲ್ಲಿ ಕಲ್ಲು, ಮರಳು ಕಳೆದು ನಿಲ್ಲುವ ನೀರು ಸುಮಾರು 33 ಲೀಟರ್. ಮೂರು ದಿನ ಮೈಮರೆತು ಮೂರು ಲೀಟರ್ ಆರಿಹೋದರೆ, ಸಾವಿರಕ್ಕೆ 35 ಭಾಗ ಇರಬೇಕಾದ ಉಪ್ಪು 38 ದಾಟುತ್ತದೆ. ತೆರೆದ ಸಮುದ್ರದಲ್ಲಿ ಇಂಥ ಏರುಪೇರು ಮೂರು ದಿನದಲ್ಲಿ ಆಗುವುದಿಲ್ಲ, ಹವಳದ ದೇಹಕ್ಕೆ ಅದರ ಅಭ್ಯಾಸವೂ ಇಲ್ಲ. ತೊಟ್ಟಿ ಚಿಕ್ಕದಾದಷ್ಟೂ ಬಿಸಿ, ಉಪ್ಪು, ಕೊಳೆ ಎಲ್ಲವೂ ಬೇಗ ಏರುತ್ತವೆ, ಬೇಗ ಇಳಿಯುತ್ತವೆ. ಚಿಕ್ಕ ತೊಟ್ಟಿ ಸುಲಭ ಎಂದು ನಂಬಿ ಇದಕ್ಕೆ ಕೈಹಾಕುವವರಿಗೆ ನಾನು ಮೊದಲು ಹೇಳುವ ಮಾತು ಇದು: ಖರ್ಚು ಕಡಿಮೆ, ಜಾಗ ಕಡಿಮೆ, ಆದರೆ ಎಚ್ಚರ ಹೆಚ್ಚು ಬೇಕು. ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಒಂದು ಗಂಟೆ ಕೊಡಲು ಆಗುವುದಾದರೆ ಮುಂದೆ ಓದಿ.

ತೊಟ್ಟಿ ಮತ್ತು ಜಾಗ

ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ, ಅಂದರೆ 45, 30, 30 ಸೆಂಟಿಮೀಟರ್. ಕಂಠಮಟ್ಟ ತುಂಬಿದರೆ 40 ಲೀಟರ್. ಇದಕ್ಕಿಂತ ಚಿಕ್ಕದರಿಂದ ಆರಂಭಿಸಬೇಡಿ. ಆರು ಮಿಲಿಮೀಟರ್ ಗಾಜು ಸಾಕು. ಎಲ್ಲ ಸೇರಿ ತೂಕ ಐವತ್ತು ಕಿಲೋ ದಾಟುತ್ತದೆ, ಒಂದು ಮೂಟೆ ಅಕ್ಕಿಯ ಭಾರ. ಹಳೆಯ ಮನೆಗಳ ಅಟ್ಟದ ಹಲಗೆಯ ಮೇಲೆ, ಗೆದ್ದಲು ಮುಟ್ಟಿದ ಬೀರುವಿನ ಮೇಲೆ ಇಡುವಂತಿಲ್ಲ. ನಮ್ಮ ಕೆಂಪು ಗಾರೆಯ ನೆಲಗಳು ಕಣ್ಣಿಗೆ ಸಮ ಕಂಡರೂ ಬಾಗಿಲ ಕಡೆಗೆ ಇಳಿಜಾರಾಗಿರುತ್ತವೆ. ಗಾರೆಯವರ ಬಳಿಯಿಂದ ರಸಮಟ್ಟ ತಂದು ನಾಲ್ಕೂ ಕಡೆ ನೋಡಿ, ಮೇಜಿನ ಕಾಲಿಗೆ ಆಪು ಕೊಟ್ಟು, ತೊಟ್ಟಿಯ ಅಡಿಗೆ ತೆಳುವಾದ ಥರ್ಮಾಕೋಲ್ ಹಾಸಿ. ಕಿಟಕಿಯ ಬಿಸಿಲು ನೇರವಾಗಿ ಬೀಳಬಾರದು. ಅಡುಗೆಮನೆಯ ಹೊಗೆಯಿಂದ, ದೇವರ ಕೋಣೆಯ ಧೂಪದಿಂದ ದೂರವಿರಲಿ.

ವಿದ್ಯುತ್ ಹಲಗೆ ತೊಟ್ಟಿಗಿಂತ ಮೇಲೆ, ಗೋಡೆಯಲ್ಲಿರಲಿ. ಪ್ರತಿಯೊಂದು ತಂತಿಯೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮತ್ತೆ ಮೇಲೇರಬೇಕು. ತಂತಿಯಗುಂಟ ಹರಿದು ಬಂದ ಉಪ್ಪುನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗನ್ನು ಮುಟ್ಟುವುದಿಲ್ಲ. ವಿದ್ಯುತ್ ಸೋರಿಕೆ ಕಂಡೊಡನೆ ಸಂಪರ್ಕ ಕಡಿದುಹಾಕುವ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿ. ಉಪ್ಪುನೀರು ಮತ್ತು ಮಳೆಗಾಲದ ತೇವ ಸೇರಿದರೆ ಪ್ಲಗ್ಗಿನ ಹಿತ್ತಾಳೆ ಒಂದೇ ವರ್ಷದಲ್ಲಿ ಹಸಿರುಗಟ್ಟುತ್ತದೆ.

ನೀರು

ಹೆಚ್ಚು ಹೇಳಬೇಕಾದದ್ದು ಇಲ್ಲೇ ಇದೆ.

ನಮ್ಮಲ್ಲಿ ನೀರಿಗೆ ಬರವಿಲ್ಲ. ತುಂಗೆ ಇದೆ, ಬಾವಿ ಇದೆ, ಮಾಡಿನಿಂದ ಸುರಿಯುವ ಮಳೆ ಇದೆ. ಆದರೆ ಇವು ಯಾವುವೂ ನೇರವಾಗಿ ತೊಟ್ಟಿಗೆ ಸಲ್ಲುವುದಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಜಂಬಿಟ್ಟಿಗೆ ನೆಲದ ಬಾವಿಯಲ್ಲಿ ಕಬ್ಬಿಣದ ಅಂಶ ಇರುವುದುಂಟು. ಇವೆರಡಕ್ಕಿಂತ ನನಗೆ ಹೆಚ್ಚು ಭಯವಿರುವುದು ಮೈಲುತುತ್ತದ್ದು. ಕೊಳೆರೋಗಕ್ಕೆ ಅಡಿಕೆಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯದ ತೋಟ ಮಲೆನಾಡಿನಲ್ಲಿ ಅಪರೂಪ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಹವಳ, ಸಿಗಡಿ, ಶಂಖದ ಹುಳುಗಳಿಗೆ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ವಿಷ. ಮೀನು ತಡೆದುಕೊಂಡೀತು, ಬೆನ್ನೆಲುಬಿಲ್ಲದ ಜೀವಿಗಳು ತಡೆದುಕೊಳ್ಳುವುದಿಲ್ಲ. ತೋಟದಂಚಿನ ಬಾವಿ, ತೋಟದ ಪಕ್ಕದ ಮಾಡಿನಿಂದ ಹಿಡಿದ ಮಳೆನೀರು ಎರಡರಲ್ಲೂ ಅದರ ಅಂಶ ಸೇರಬಹುದು. ಔಷಧಿ ಹೊಡೆಸಿದ ದಿನ ನಾನು ಸ್ನಾನ ಮಾಡಿ, ಮೊಣಕೈವರೆಗೆ ಎರಡು ಸಲ ತೊಳೆದುಕೊಂಡರೂ ತೊಟ್ಟಿಗೆ ಕೈಹಾಕುವುದಿಲ್ಲ. ಬಚ್ಚಲಿನ ತಾಮ್ರದ ಹಂಡೆಯಲ್ಲಿ, ಕೊಡದಲ್ಲಿ ತೊಟ್ಟಿಯ ನೀರನ್ನು ಕ್ಷಣಹೊತ್ತೂ ಇಡಬೇಡಿ. ಆಹಾರ ತುಂಬುವ ದರ್ಜೆಯ ಎರಡು ಪ್ಲಾಸ್ಟಿಕ್ ಬಕೆಟ್‌ಗಳನ್ನು ಇದಕ್ಕೆಂದೇ ಮೀಸಲಿಟ್ಟು, ಮನೆಯವರು ಯಾರೂ ಬಟ್ಟೆ ನೆನೆಸದಂತೆ ಹೆಸರು ಬರೆದಿಡಿ.

ಹಾಗಾದರೆ ಯಾವ ನೀರು? ಆರ್‌ಒ ಯಂತ್ರದಿಂದ ಬಂದ ನೀರನ್ನು, ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರಾಳದ ಕೊಳವೆಯಲ್ಲಿ ಇನ್ನೊಮ್ಮೆ ಹಾಯಿಸಿ ಪಡೆದದ್ದು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಸೊನ್ನೆ ತೋರಿಸಬೇಕು. ಮನೆಯ ಕುಡಿಯುವ ನೀರಿನ ಯಂತ್ರಗಳಲ್ಲಿ ಹಲವು, ರುಚಿಗೆಂದು ಕೊನೆಯ ಹಂತದಲ್ಲಿ ಖನಿಜಾಂಶವನ್ನು ಮತ್ತೆ ಬೆರೆಸುತ್ತವೆ. ಆ ಹಂತಕ್ಕೆ ಮೊದಲೇ ಒಂದು ಕವಲು ಕೊಳವೆ ಹಾಕಿಸಿ ಡಿಐ ಕೊಳವೆಗೆ ಜೋಡಿಸಿದರೆ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಮೀಟರ್ ಸೊನ್ನೆ ಬಿಟ್ಟು ಮೇಲೇರಿದಾಗ ರಾಳ ಬದಲಿಸಿ.

ಆಗುಂಬೆ ಘಾಟಿ ಇಳಿದರೆ ಸಮುದ್ರವೇ ಇದೆಯಲ್ಲ, ಕ್ಯಾನಿನಲ್ಲಿ ತುಂಬಿಕೊಂಡು ಬಂದರಾಗದೇ ಎಂದು ಬಹಳ ಜನ ಕೇಳುತ್ತಾರೆ. ಆಗದು. ದಡದ ನೀರಿನಲ್ಲಿ ಕೆಸರು, ದೋಣಿಗಳ ಎಣ್ಣೆ, ಊರಿನ ಕೊಳಚೆ ಇರುತ್ತದೆ. ಮಳೆಗಾಲದಲ್ಲಿ ಘಟ್ಟದ ಹೊಳೆಗಳೆಲ್ಲ ಒಟ್ಟಿಗೆ ಬಂದು ಸೇರಿ ತೀರದ ಉಪ್ಪಿನಂಶವನ್ನೇ ಇಳಿಸಿಬಿಡುತ್ತವೆ. ಅಡುಗೆಯ ಉಪ್ಪು, ಕಲ್ಲುಪ್ಪು ಕೂಡ ಕೆಲಸಕ್ಕೆ ಬಾರವು. ಹವಳಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾರ್ಬೊನೇಟ್ ಎಲ್ಲವೂ ಬೇಕು. ಹವಳದ ಅಕ್ವೇರಿಯಂಗೆಂದೇ ತಯಾರಿಸಿದ ಉಪ್ಪಿನ ಪುಡಿ ಕೊಳ್ಳಿ.

ಬೆರೆಸುವ ಕ್ರಮ ಹೀಗೆ. ಬಕೆಟ್ಟಿಗೆ ಮೊದಲು ನೀರು, ಆಮೇಲೆ ಉಪ್ಪು. ಉಪ್ಪಿನ ಮೇಲೆ ನೀರು ಹೊಯ್ದರೆ ಕ್ಯಾಲ್ಸಿಯಂ ಸುಣ್ಣದಂತೆ ತಳಕಟ್ಟುತ್ತದೆ. ಲೀಟರಿಗೆ ಸುಮಾರು 38 ಗ್ರಾಂ, ಪೊಟ್ಟಣದ ಮೇಲಿನ ಅಳತೆಯನ್ನೂ ನೋಡಿ. ಮೊದಲ ಸಲ 36 ಲೀಟರಿಗೆ ಒಂದು ಕಿಲೋ 370 ಗ್ರಾಂನಷ್ಟು ಬೇಕಾಗುತ್ತದೆ. ಚಿಕ್ಕ ಪಂಪ್ ಹಾಕಿ ರಾತ್ರಿಯಿಡೀ ತಿರುಗಿಸಿ, ಬೆಳಿಗ್ಗೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನ ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ನೀಲಿ ಮತ್ತು ಬಿಳಿ ಕೂಡುವ ಗೆರೆ 35ರ ಮೇಲೆ ನಿಲ್ಲಬೇಕು. ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ ಅದು 1.026. ಉಪಕರಣವನ್ನು ತಿಂಗಳಿಗೊಮ್ಮೆ 35ರ ಪ್ರಮಾಣದ್ರಾವಣದಿಂದ ಸರಿಹೊಂದಿಸಿಕೊಳ್ಳಿ. ಉಪ್ಪಿನ ಚೀಲವನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಜುಲೈ ತಿಂಗಳ ಗಾಳಿಗೆ ತೆರೆದಿಟ್ಟ ಚೀಲ ವಾರದೊಳಗೆ ಕಲ್ಲಾಗುತ್ತದೆ. ಗಟ್ಟಿಯಾದ ಉಪ್ಪನ್ನು ನಾನು ಬಳಸುವುದಿಲ್ಲ.

ಕಲ್ಲು, ಮರಳು, ಯಂತ್ರಗಳು

ಸಮುದ್ರದಿಂದ ತೆಗೆದ ಕಲ್ಲು ಬೇಡ. ಕಾರ್ಖಾನೆಯಲ್ಲಿ ಮಾಡಿದ, ರಂಧ್ರಗಳಿರುವ ಒಣಕಲ್ಲು ನಾಲ್ಕು ಕಿಲೋ ಸಾಕು. ಗಾಜಿಗೆ ತಾಗದಂತೆ, ಹಿಂದಿನಿಂದಲೂ ನೀರು ಹರಿಯುವಂತೆ, ನಡುವೆ ಒಂದು ಗುಹೆ ಬಿಟ್ಟು ಜೋಡಿಸಿ. ಅರಗೊನೈಟ್ ಎಂಬ ಸುಣ್ಣದಂಶದ ಮರಳು ಐದು ಕಿಲೋ ಹಾಕಿದರೆ ಎರಡೂವರೆ ಸೆಂಟಿಮೀಟರ್ ದಪ್ಪ ಬರುತ್ತದೆ. ಹೊಳೆಯ ಮರಳು ಹಾಕಬೇಡಿ.

ತೊಟ್ಟಿಯ ಹಿಂಬದಿಗೆ ತೂಗುಹಾಕುವ ಒಂದು ಫಿಲ್ಟರ್, ಗಂಟೆಗೆ 800ರಿಂದ 1000 ಲೀಟರ್ ನೀರು ತಳ್ಳುವ ಅಲೆಯಂತ್ರ, 50 ವಾಟ್ ಹೀಟರ್, ನೀಲಿ ಬೆಳಕು ಹೆಚ್ಚಿರುವ ಹವಳದ ಎಲ್‌ಇಡಿ ದೀಪ, ದೀಪಕ್ಕೆ ಟೈಮರ್. ದಿನಕ್ಕೆ ಎಂಟು ಗಂಟೆ ಬೆಳಕು. ಹವಳದ ಮೈಯೊಳಗೆ ಬದುಕುವ ಸೂಕ್ಷ್ಮ ಪಾಚಿಗಳು ಈ ಬೆಳಕಿನಲ್ಲಿ ಆಹಾರ ಮಾಡಿ ಹವಳಕ್ಕೆ ಉಣಿಸುತ್ತವೆ. ಹವಳಕ್ಕೆ ಬಹುಪಾಲು ಹೊಟ್ಟೆ ತುಂಬುವುದು ಹೀಗೆಯೇ. ಮುಚ್ಚಳಕ್ಕೆ ಗಾಜಿನ ಬದಲು ಪ್ಲಾಸ್ಟಿಕ್ ಬಲೆ ಹಾಕಿ, ಬೇಸಿಗೆಯಲ್ಲಿ ಬಿಸಿ ಹೊರಹೋಗಬೇಕು, ಮೀನು ಹೊರಗೆ ನೆಗೆಯಬಾರದು.

ಕಾಯುವ ತಿಂಗಳು

ಇಲ್ಲಿ ಹೆಚ್ಚಿನವರು ಸೋಲುತ್ತಾರೆ. ನೀರು ತಿಳಿಯಾಗಿದೆ, ದೀಪ ನೀಲಿಯಾಗಿ ಹೊಳೆಯುತ್ತಿದೆ, ಮಕ್ಕಳು ಮೀನೆಲ್ಲಿ ಎಂದು ಕೇಳುತ್ತಿದ್ದಾರೆ. ಆದರೂ ನಾಲ್ಕರಿಂದ ಆರು ವಾರ ಏನನ್ನೂ ಬಿಡಬಾರದು. ಗೊಬ್ಬರಗುಂಡಿಗೆ ಹಾಕಿದ ಸೊಪ್ಪು ಒಂದೇ ವಾರಕ್ಕೆ ಗೊಬ್ಬರವಾಗುವುದಿಲ್ಲವಲ್ಲ, ಹಾಗೆಯೇ ಇದು. ಮೀನು ಹೊರಹಾಕುವ ಅಮೋನಿಯಾವನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಬೇಕು, ಇನ್ನೊಂದು ಅದನ್ನು ನೈಟ್ರೇಟ್ ಮಾಡಬೇಕು. ಕಲ್ಲಿನ ಒಂದೊಂದು ರಂಧ್ರದಲ್ಲೂ ಇವು ನೆಲೆಸಲು ಕಾಲ ಬೇಕು.

ಬಾಟಲಿಯ ಬ್ಯಾಕ್ಟೀರಿಯಾ ಹಾಕಿ, ಅಕ್ವೇರಿಯಂಗೆಂದು ಸಿಗುವ ಅಮೋನಿಯಾ ದ್ರಾವಣದಿಂದ ನೀರನ್ನು 2 ಪಿಪಿಎಂಗೆ, ಅಂದರೆ ಹತ್ತು ಲಕ್ಷಕ್ಕೆ ಎರಡು ಭಾಗಕ್ಕೆ ತನ್ನಿ. ಎರಡು ದಿನಕ್ಕೊಮ್ಮೆ ಪರೀಕ್ಷಿಸಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. ಕೊನೆಗೆ ಒಂದು ದಿನ 2 ಪಿಪಿಎಂ ಅಮೋನಿಯಾ ಹಾಕಿ ನೋಡಿ. ಇಪ್ಪತ್ತನಾಲ್ಕು ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ತೊಟ್ಟಿ ಸಿದ್ಧ. ಅರ್ಧದಷ್ಟು ನೀರು ಬದಲಿಸಿ. ಈ ನಡುವೆ ಕಲ್ಲು ಕಂದುಗಟ್ಟುತ್ತದೆ, ಆಮೇಲೆ ಹಸಿರು ಕೂದಲಿನಂಥ ಪಾಚಿ ಬರುತ್ತದೆ. ಹೆದರಿ ರಾಸಾಯನಿಕ ಸುರಿಯಬೇಡಿ, ಬೆರಳಿನಿಂದ ಕಿತ್ತು ತೆಗೆಯಿರಿ.

ಯಾರನ್ನು ಕರೆತರಬೇಕು

ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರೊಳಗೆ ಇಳಿದವರಿಗೆ ನಮ್ಮ ರಾಜ್ಯದಲ್ಲೇ ಹವಳ ಇರುವುದು ಗೊತ್ತು. ಅದು ಅಲ್ಲೇ ಇರಬೇಕು. ಬಂಡೆ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆಯಂಥ ಹವಳಗಳು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. ಕಡಲಕುದುರೆಗೂ ಕಾನೂನಿನ ರಕ್ಷಣೆ ಇದೆ. ಸತ್ತ ಹವಳದ ತುಂಡನ್ನೂ ದಡದಿಂದ ಎತ್ತಿ ತರಬೇಡಿ. ಮಾರುವವರು ಆಸೆ ತೋರಿಸಿದರೂ ಗಟ್ಟಿ ಹವಳ ಕೊಳ್ಳಬೇಡಿ.

ಮೃದು ಹವಳಗಳ ಲೋಕವೇ ಬೇಕಾದಷ್ಟಿದೆ. ಅದರಲ್ಲೂ ಬೇರೆ ಹವ್ಯಾಸಿಗಳ ತೊಟ್ಟಿಯಲ್ಲಿ ಬೆಳೆದು ಕವಲೊಡೆದ ತುಂಡನ್ನೇ ಕೇಳಿ ಪಡೆಯಿರಿ. ಅಣಬೆ ಹವಳ ಮೊದಲನೆಯದಾಗಿರಲಿ, ಮೊದಲ ಮಳೆಗೆ ಏಳುವ ಅಣಬೆಯ ಕೊಡೆಯನ್ನು ಮಗುಚಿಟ್ಟಂತೆ ಕಾಣುತ್ತದೆ, ಸಣ್ಣಪುಟ್ಟ ತಪ್ಪುಗಳನ್ನು ಸಹಿಸುತ್ತದೆ. ಆಮೇಲೆ ತೊಗಲು ಹವಳ. ಅದು ಕೆಲವು ವಾರಗಳಿಗೊಮ್ಮೆ ಮುದುಡಿ ಮೇಣದಂಥ ಪೊರೆ ಕಳಚುತ್ತದೆ, ಸತ್ತಿತೆಂದು ಎತ್ತಿ ಎಸೆಯಬೇಡಿ. ಜೋವಾಂಥಿಡ್ ಎಂಬ, ಹವಳದ ಹತ್ತಿರದ ಬಂಧುಗಳು ಬಹಳ ಚೆಂದ, ಆದರೆ ಅವುಗಳಲ್ಲಿ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅವನ್ನು ಮುಟ್ಟುವಾಗ ಕೈಗವಸು, ಕನ್ನಡಕ ಕಡ್ಡಾಯ. ಅವು ಬೆಳೆದ ಕಲ್ಲನ್ನು ಎಂದಿಗೂ ಕುದಿಸಬೇಡಿ, ಬಿಸಿನೀರು ಹಾಕಿ ಉಜ್ಜಬೇಡಿ. ಆ ಹಬೆ ಉಸಿರಿನೊಳಗೆ ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ. ಚಿಕ್ಕ ಮಕ್ಕಳಿರುವ ಮನೆಗೆ ಅವು ಬೇಡವೆಂದೇ ನನ್ನ ಸಲಹೆ.

ಮೀನು ಎರಡೇ. ತೊಟ್ಟಿಯಲ್ಲೇ ಮರಿಮಾಡಿಸಿದ ಕ್ಲೌನ್ ಮೀನಿನ ಜೋಡಿ. ಇವುಗಳ ಸಾಕಣೆಯ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲೇ ರೂಪಿಸಿದ್ದಾರೆ, ಆದ್ದರಿಂದ ಕಡಲಿನಿಂದ ಹಿಡಿದ ಮೀನನ್ನು ಕೊಳ್ಳುವ ಅಗತ್ಯವಿಲ್ಲ. ಸಿನಿಮಾ ನೋಡಿದ ಮಕ್ಕಳು ನೀಲಿ ಟ್ಯಾಂಗ್ ಮೀನು ಕೇಳುತ್ತಾರೆ. ಅದು ಒಂದಡಿ ಬೆಳೆಯುವ, ಈಜಲು ವಿಶಾಲ ಜಾಗ ಬೇಡುವ ಮೀನು. ಒಂದೂವರೆ ಅಡಿಯ ಗಾಜಿನಲ್ಲಿ ಅದನ್ನು ಇಡುವುದು ಹಿಂಸೆ. ಪಾಚಿ ಮೇಯಲು ನಾಲ್ಕು ಶಂಖದ ಹುಳು, ಎರಡು ಸನ್ಯಾಸಿ ಏಡಿ, ಒಂದು ಸಿಗಡಿ. ಇವನ್ನು ಮೊದಲು ಬಿಡಿ, ಎರಡು ವಾರದ ನಂತರ ಮೀನು, ಒಂದು ತಿಂಗಳ ನಂತರ ಮೊದಲ ಹವಳ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಮೀನು, ಹವಳದ ಪೊಟ್ಟಣವನ್ನು ಕೂಡಲೇ ತೊಟ್ಟಿಗೆ ಸುರಿಯಬೇಡಿ. ಚೀಲ ಬಿಚ್ಚದೆ ಇಪ್ಪತ್ತು ನಿಮಿಷ ತೇಲಲು ಬಿಟ್ಟರೆ ಬಿಸಿ ಸಮವಾಗುತ್ತದೆ. ನಂತರ ಚಿಕ್ಕ ಪಾತ್ರೆಗೆ ಹಾಕಿ, ತೊಟ್ಟಿಯಿಂದ ತೆಳು ಕೊಳವೆಗೆ ಗಂಟು ಹಾಕಿ ಸೆಕೆಂಡಿಗೆ ಎರಡು ಮೂರು ಹನಿಯಂತೆ ಅರ್ಧ ಗಂಟೆ ನೀರು ಬಿಡಿ. ಪ್ರಾಣಿ ಮಾತ್ರ ತೊಟ್ಟಿಗೆ, ಚೀಲದ ನೀರು ಬಚ್ಚಲಿಗೆ.

ವಾರದ ಕೆಲಸ, ಋತುವಿನ ಕೆಲಸ

ಭಾನುವಾರ ಬೆಳಿಗ್ಗೆ ಮೂರೂವರೆ ಲೀಟರ್ ಹಳೆಯ ನೀರು ತೆಗೆದು, ಹಿಂದಿನ ದಿನ ಬೆರೆಸಿಟ್ಟ ಹೊಸ ಉಪ್ಪುನೀರು ಹಾಕುತ್ತೇನೆ. ಉಪ್ಪಿನಂಶವೂ ಉಷ್ಣತೆಯೂ ತೊಟ್ಟಿಯದಕ್ಕೆ ಸರಿಹೊಂದಿರಬೇಕು. ಅದಕ್ಕೂ ಮೊದಲು ಮುಂಗಾಜು ಒರೆಸಿ, ಫಿಲ್ಟರಿನ ಹತ್ತಿಯನ್ನು ಬದಲಿಸುತ್ತೇನೆ. ಕ್ಷಾರೀಯತೆ 8ರಿಂದ 9 ಡಿಕೆಎಚ್ (ಅದನ್ನು ಅಳೆಯುವ ಮಾನ), ನೈಟ್ರೇಟ್ 2ರಿಂದ 10 ಪಿಪಿಎಂ ನಡುವೆ ಇದ್ದರೆ ಮೃದು ಹವಳಗಳಿಗೆ ಬೇರೆ ಟಾನಿಕ್ ಬೇಕಿಲ್ಲ. ನೈಟ್ರೇಟ್ ಪೂರ್ತಿ ಸೊನ್ನೆಯಾಗುವುದೂ ಒಳ್ಳೆಯದಲ್ಲ, ಹವಳ ಬಿಳಿಚಿಕೊಳ್ಳುತ್ತದೆ. ಮೀನಿಗೆ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ.

ಬೇಸಿಗೆಯಲ್ಲಿ ಶಿವಮೊಗ್ಗ ಪೇಟೆ 36, 37 ಡಿಗ್ರಿ ಮುಟ್ಟುತ್ತದೆ. ತೊಟ್ಟಿ ಬಯಸುವುದು 25ರಿಂದ 26. ಮೂವತ್ತರ ಹತ್ತಿರ ಹಲವು ದಿನ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನೀರಿನ ಮೇಲ್ಮೈಗೆ ಅಡ್ಡಲಾಗಿ ಗಾಳಿ ಬೀಸುವ 12 ವೋಲ್ಟಿನ ಚಿಕ್ಕ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ದೀಪದ ಎಂಟು ಗಂಟೆಯನ್ನು ಮಧ್ಯಾಹ್ನದಿಂದ ತೆಗೆದು ಸಂಜೆ ನಾಲ್ಕರ ನಂತರಕ್ಕೆ ತಳ್ಳಿ. ಫ್ಯಾನ್ ಇದ್ದ ದಿನ ಆವಿ ಹೆಚ್ಚು, ಈ ಅಳತೆಯ ತೊಟ್ಟಿಯಲ್ಲಿ ಏಳು ಮಿಲಿಮೀಟರ್ ಇಳಿದರೆ ಒಂದು ಲೀಟರ್ ಹೋಗಿದೆ ಎಂದು ಲೆಕ್ಕ.

ಇನ್ನೊಂದು ಮಾತು, ನಮ್ಮ ಸೀಮೆಯವರಿಗೇ ಹೇಳಬೇಕಾದದ್ದು. ಮಂಗನ ಕಾಯಿಲೆಯ ತಿಂಗಳುಗಳಲ್ಲಿ ಉಣುಗು ಹತ್ತದಿರಲೆಂದು ಕಾಡಿಗೆ ಹೋಗುವವರು ಡೆಪಾ ತೈಲ ಹಚ್ಚಿಕೊಳ್ಳುತ್ತಾರೆ. ಹಚ್ಚಿಕೊಳ್ಳಲೇಬೇಕು. ಆ ಕೈ ತೊಟ್ಟಿಯ ನೀರಿಗೆ ತಾಗಬಾರದು. ಸೊಳ್ಳೆಗೆ ಹೊಡೆಯುವ ಸ್ಪ್ರೇ, ಉರಿಸುವ ಬತ್ತಿ ಕೂಡ ಆ ಕೋಣೆಯಲ್ಲಿ ಬೇಡ. ಕೋಣೆಯ ಗಾಳಿಯೇ ನೀರಿನಲ್ಲಿ ಬೆರೆಯುತ್ತದೆ, ಮೊದಲು ಸಾಯುವುದು ಸಿಗಡಿ.

ಮಳೆಗಾಲದ ಶತ್ರು ಕತ್ತಲೆ. ಮೂರು ವರ್ಷದ ಹಿಂದೆ ಜುಲೈ ತಿಂಗಳ ಒಂದು ರಾತ್ರಿ ತಂತಿಯ ಮೇಲೆ ಮರ ಬಿದ್ದು ಹತ್ತೊಂಬತ್ತು ಗಂಟೆ ವಿದ್ಯುತ್ ಇರಲಿಲ್ಲ. ಇನ್ವರ್ಟರ್ ನಡುರಾತ್ರಿಗೇ ಕೈಕೊಟ್ಟಿತು. ಎರಡೂ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಬ್ಯಾಟರಿ ಟಾರ್ಚನ್ನು ಕಿಟಕಿಯ ಮೇಲಿಟ್ಟು, ಲೋಟದಲ್ಲಿ ನೀರು ಮೊಗೆದು ಒಂದು ಗೇಣು ಎತ್ತರದಿಂದ ಹೊಯ್ಯುತ್ತಾ ಬೆಳಗಿನವರೆಗೆ ಕುಳಿತೆ. ಪ್ರತಿ ಕಾಲುಗಂಟೆಗೊಮ್ಮೆ ಇಪ್ಪತ್ತು ಲೋಟ. ಉಷ್ಣತೆ 21ಕ್ಕೆ ಇಳಿಯುವಾಗ ಅಮ್ಮ ಕಂಬಳಿ ತಂದು ತೊಟ್ಟಿಯ ಮೂರು ಬದಿಗೆ ಸುತ್ತಿದರು. ಒಂದೂ ಸಾಯಲಿಲ್ಲ. ಈಗ ಬ್ಯಾಟರಿಯಿಂದ ನಡೆಯುವ ಎರಡು ಗಾಳಿಪಂಪುಗಳು ತೊಟ್ಟಿಯ ಪಕ್ಕದಲ್ಲೇ ಇರುತ್ತವೆ, ಹೊಸ ಸೆಲ್‌ಗಳನ್ನು ಮೇ ತಿಂಗಳ ಕೊನೆಗೆ ತಂದಿಡುತ್ತೇನೆ. ಇನ್ವರ್ಟರ್ ಇದ್ದರೆ ಅದಕ್ಕೆ ಅಲೆಯಂತ್ರವನ್ನು ಮಾತ್ರ ಜೋಡಿಸಿ, ದೀಪ ಮತ್ತು ಹೀಟರ್ ಬೇಡ. ವಿದ್ಯುತ್ ಇಲ್ಲದ ಹೊತ್ತು ಆಹಾರ ಹಾಕಬಾರದು, ತಿನ್ನದೆ ಉಳಿದ ಕಾಳು ಕೊಳೆತು ಇರುವ ಅಷ್ಟು ಪ್ರಾಣವಾಯುವನ್ನೂ ಹೀರುತ್ತದೆ. ಹವಳಕ್ಕೆ ಎರಡು ದಿನ ಕತ್ತಲಾದರೆ ಏನೂ ಆಗುವುದಿಲ್ಲ, ನೀರು ಅಲುಗದಿದ್ದರೆ ಮಾತ್ರ ಕಷ್ಟ.

ಮದುವೆಗೋ ಜಾತ್ರೆಗೋ ನಾಲ್ಕು ದಿನ ಊರು ಬಿಡಬೇಕಾದಾಗ ನಾನು ಹೀಗೆ ಮಾಡುತ್ತೇನೆ. ಪ್ರತಿದಿನದ ಆಹಾರವನ್ನು ಬೇರೆ ಬೇರೆ ಕಾಗದದ ಪೊಟ್ಟಣ ಕಟ್ಟಿ ದಿನದ ಹೆಸರು ಬರೆಯುತ್ತೇನೆ. ಆಹಾರದ ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕುತ್ತೇನೆ, ಪ್ರೀತಿಯಿಂದ ಹೆಚ್ಚು ಹಾಕಿ ಕೊಲ್ಲುವವರೇ ಹೆಚ್ಚು. ಅರ್ಧ ಲೀಟರಿನ ನಾಲ್ಕು ಬಾಟಲಿಗಳಲ್ಲಿ ಡಿಐ ನೀರು ತುಂಬಿ ಸಾಲಾಗಿ ನಿಲ್ಲಿಸುತ್ತೇನೆ. ಪಕ್ಕದ ಮನೆಯ ಅಕ್ಕ ಬಂದು ದಿನಕ್ಕೊಂದು ಪೊಟ್ಟಣ ಬಿಡಿಸುತ್ತಾರೆ, ನೀರು ಕಪ್ಪು ಗೆರೆಗೆ ಬರುವವರೆಗೆ ಬಾಟಲಿಯಿಂದ ಹೊಯ್ಯುತ್ತಾರೆ, ಗೆರೆ ಮುಟ್ಟಿದ ಕೂಡಲೇ ಮೊಬೈಲ್‌ನಲ್ಲಿ ಒಂದು ಫೋಟೋ ಕಳಿಸುತ್ತಾರೆ.